ಲೆವೆಲ್ಲಿಗೆ ಹಾಡಿದ ಹಾಡು

ಟೇಪಣ್ಣನ ಕೋಣೆಯೊಳಗೆ ಕಾಲಿಡಬೇಕಾದರೆ ಚಪ್ಪಲಿ ಬಿಟ್ಟರಷ್ಟೇ ಸಾಲುತ್ತಿರಲಿಲ್ಲ. ಕೈಗಡಿಯಾರ, ಬಳೆ, ಜೇಬಿನ ಚಿಲ್ಲರೆ, ಬೀಗದ ಕೈ ಗೊಂಚಲು ಎಲ್ಲವನ್ನೂ ಬಾಗಿಲ ಪಕ್ಕದ ಬುಟ್ಟಿಗೆ ಹಾಕಿ, ಫೋನನ್ನು ಅವನ ಹೆಂಡತಿಯ ಕೈಗೊಪ್ಪಿಸಿ, ಬರುವ ಕೆಮ್ಮಿದ್ದರೆ ಅದನ್ನೂ ಹೊರಗೇ ಕೆಮ್ಮಿ ಮುಗಿಸಿ ಒಳಗೆ ಹೋಗಬೇಕಿತ್ತು. ಒಳಗೆ ಕಿಟಕಿ ಇತ್ತು, ಆದರೆ ಕಾಣುತ್ತಿರಲಿಲ್ಲ. ಅದಕ್ಕೆ ಅಡ್ಡವಾಗಿ ಬಟ್ಟೆ ತುಂಬಿದ ಬೀರು ನಿಂತಿತ್ತು. ಗೋಡೆಗೆ ಹಾಸಿಗೆ ಒರಗಿಸಿ, ಹಾಸಿಗೆಗೆ ಕಂಬಳಿ ಹೊದಿಸಿ, ಸೂರಿಗೂ ಒಂದು ರಜಾಯಿ ಹೊಡೆದಿದ್ದ. ಮೊದಮೊದಲು ಮೊಟ್ಟೆಯ ತಟ್ಟೆಗಳನ್ನು ಅಂಟಿಸಿದ್ದ. ಅವು ಸದ್ದನ್ನು ತಡೆಯುವುದಿಲ್ಲ ಎಂದು ಗೊತ್ತಾಗುವಷ್ಟರಲ್ಲಿ ಮನೆಯವರೆಲ್ಲ ದಿನಾ ಮೊಟ್ಟೆ ತಿಂದು ತಿಂದು ಮೊಟ್ಟೆಯ ಹೆಸರೆತ್ತಿದರೆ ಮೂಗು ಮುರಿಯುವಂತಾಗಿತ್ತು.

"ಈ ಮನೇಲಿ ಮೈಕಿಗೆ ಹಾಸಿಗೆ, ನನಗೆ ಚಾಪೆ," ಎಂದು ಹೆಂಡತಿ ಬಂದವರಿಗೆಲ್ಲ ಹೇಳುತ್ತಿದ್ದಳು. ಅದು ತಮಾಷೆಯೂ ಹೌದು, ನಿಜವೂ ಹೌದು.

ಟೇಪಣ್ಣ ಎಂಬ ಹೆಸರು ಬಿದ್ದದ್ದು ಕ್ಯಾಸೆಟ್ಟುಗಳ ಕಾಲದಲ್ಲಿ. ಆಗ ಅವನು ಹರೆಯದವನು. ಒಂದು ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ವೈರು ಎಳೆಯುವ, ಟೇಪು ಸುತ್ತುವ ಕೆಲಸಕ್ಕೆ ಸೇರಿ ಕೊನೆಗೆ ಗುಂಡಿ ಒತ್ತುವವನಾಗಿದ್ದ. ಅಲ್ಲಿನ ಯಜಮಾನರಿಗೆ ಹಾಡಿಗಿಂತ ಟೇಪಿನ ಮೇಲೆ ಹೆಚ್ಚು ಪ್ರೀತಿ. ಹಾಡುವವರ ದನಿಗೆ ತಕ್ಕಂತೆ ಮೈಕಿನ ಲೆವೆಲ್ ಸರಿಮಾಡುವಾಗ ಟೇಪು ಒಂದು ಸುತ್ತು ತಿರುಗಿದರೂ ಸಾಕು, ಹಿಂದಿನಿಂದ ಬಂದು ಅವನ ಬೆರಳ ಗೆಣ್ಣಿಗೆ ಅಡಿಕೋಲಿನಿಂದ ಬಾರಿಸುತ್ತಿದ್ದರು. "ಲೆವೆಲ್ ಬೇರೆ, ರೆಕಾರ್ಡ್ ಬೇರೆ. ಲೆವೆಲ್ ಸಿಗೋವರೆಗೂ ಗುಂಡಿ ಮುಟ್ಟಬೇಡ. ಕೆಟ್ಟು ಬಂದಿದ್ದನ್ನ ಅಲ್ಲೇ ಅಳಿಸು." ಆ ಯಜಮಾನರು ಹೋದರು, ಸ್ಟುಡಿಯೋ ಮುಚ್ಚಿತು, ಟೇಪೂ ಹೋಯಿತು. ಟೇಪಣ್ಣ ಸಭೆ ಸಮಾರಂಭಗಳಿಗೆ ಮೈಕ್ ಸೆಟ್ ಹಾಕಿಕೊಂಡು ಮನೆಯ ಒಂದು ಕೋಣೆಯನ್ನು ತನ್ನದೇ ಸ್ಟುಡಿಯೋ ಮಾಡಿಕೊಂಡ. ಈಗ ಇದ್ದದ್ದು ಕಂಪ್ಯೂಟರು. ಬೆಳಗಿನಿಂದ ಸಂಜೆಯವರೆಗೆ ಗುಂಡಿ ಒತ್ತಿಟ್ಟರೂ ಅದರ ಹೊಟ್ಟೆ ತುಂಬುವುದಿಲ್ಲ, ಯಾರಿಗೂ ಏನೂ ನಷ್ಟವಿಲ್ಲ. ತಲೆಗೆ ಇದು ಗೊತ್ತಿತ್ತು. ಬೆರಳಿಗೆ ಗೊತ್ತಿರಲಿಲ್ಲ.

ಅವನ ಅಕ್ಕನೂ ಅದೇ ಸ್ಟುಡಿಯೋದಲ್ಲಿ ಹಾಡುತ್ತಿದ್ದಳು. ಆದರೆ ಕೋರಸ್ಸಿನಲ್ಲಿ. ನಾಲ್ಕು ಜನ ಹೆಂಗಸರು ಒಂದೇ ಮೈಕಿನ ಸುತ್ತ ನಿಂತು, ಮುಖ್ಯ ಗಾಯಕಿ ಹಾಡಿದ ಸಾಲನ್ನೇ ತಿರುಗಿ ಹಾಡುವುದು. ಮನೆಯಲ್ಲಿ ಹೊಲಿಗೆ ಮೆಷಿನ್ನಿನ ಮುಂದೆ ಕೂತು ಅಕ್ಕ ಹಾಡುವುದನ್ನು ಕೇಳಿದವರು, ಇವಳನ್ನೇಕೆ ಹಿಂದೆ ನಿಲ್ಲಿಸುತ್ತಾರೆ ಎಂದು ಕೇಳದೆ ಇರುತ್ತಿರಲಿಲ್ಲ. ಅಕ್ಕ ನಕ್ಕು, "ಮುಂದೆ ನಿಲ್ಲೋಳ ಮಾವ ಯಜಮಾನರ ಸ್ನೇಹಿತ. ನನ್ನ ತಮ್ಮ ಅಲ್ಲಿ ವೈರು ಸುತ್ತೋನು," ಅನ್ನುತ್ತಿದ್ದಳು. ಎಷ್ಟೋ ಕ್ಯಾಸೆಟ್ಟುಗಳಲ್ಲಿ ಅವಳ ದನಿ ಇತ್ತು. ಅವಳದೊಂದೇ ಎನ್ನುವ ದನಿ ಎಲ್ಲಿಯೂ ಇರಲಿಲ್ಲ.

ಅದೊಂದು ಕೊರಗು ಅವಳಿಗೆ ಉಳಿದುಬಿಟ್ಟಿತು. ಹಾಡಬೇಕೆಂದಿದ್ದ ಹಾಡೂ ದೊಡ್ಡದೇನಲ್ಲ. ಇವರ ಅಮ್ಮ ಒಗೆದ ಬಟ್ಟೆ ಮಡಿಸುವಾಗ ತಾನೇ ಕಟ್ಟಿಕೊಂಡು ಹಾಡುತ್ತಿದ್ದದ್ದು: 'ಬಾಗಿಲ ಸಂದಿಲಿ ಬಂದ ಬಿಸಿಲೇ, ಬಾ ಕೂತ್ಕೋ, ನನ್ನ ಕೆಲಸ ಮುಗೀಲಿ' ಎಂದು ಶುರುವಾಗುತ್ತಿತ್ತು. ಟೇಪಣ್ಣನಿಗೆ ರಾಗ ಹಿಡಿಯಲು ಬರುವುದಿಲ್ಲ. ಅಮ್ಮ ಹೋದ ಮೇಲೆ ಆ ಹಾಡು ಇದ್ದದ್ದು ಅಕ್ಕನ ಗಂಟಲಲ್ಲಿ ಮಾತ್ರ.

"ನಿಂದೊಂದು ಮಾಡೋಣ ಅಕ್ಕ. ಸರಿಯಾಗಿ ಮಾಡೋಣ," ಎಂದು ಟೇಪಣ್ಣ ಹೇಳುತ್ತಲೇ ಬಂದ. ಆ 'ಸರಿಯಾಗಿ' ಅನ್ನುವುದೇ ಅಡ್ಡ ಬಂದದ್ದು. ಮೊದಲು ಮೈಕು ಒಳ್ಳೆಯದಿರಲಿಲ್ಲ. ಒಳ್ಳೆಯ ಮೈಕು ಬಂದ ಮೇಲೆ ಅದು ಬೀದಿಯಲ್ಲಿ ಹೋಗುವ ಸ್ಕೂಟರನ್ನೂ ಹಿಡಿಯತೊಡಗಿತು, ಆದ್ದರಿಂದ ಗೋಡೆಗೆ ಹಾಸಿಗೆ ಬಂತು. ಹಾಸಿಗೆ ಬಂದ ಮೇಲೆ ದನಿ ಮಂಕಾಯಿತು ಅನ್ನಿಸಿ ಹಲಗೆ ಬಂತು. ಮೈಕಿನ ಮುಂದೆ ಬಲೆ, ಮೈಕಿನ ಹಿಂದೆ ಸ್ಪಂಜು, ಮೇಜಿನ ಕೆಳಗೆ ರಬ್ಬರು. ಅಕ್ಕ ಎರಡು ಬೀದಿ ಆಚೆ ತನ್ನ ಹೊಲಿಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಒಬ್ಬಳೇ ಇದ್ದಳು; ಬಂದಾಗಲೆಲ್ಲ ಬಾಗಿಲಲ್ಲೇ ನಿಂತು ಇಣುಕಿ, "ಆಯ್ತಾ ಪುಟ್ಟ, ನಿನ್ನ ಅರಮನೆ?" ಎಂದು ಕೇಳಿ ಹೋಗುತ್ತಿದ್ದಳು. ಒಮ್ಮೆ ಅವನ ಹೆಂಡತಿ ಅಕ್ಕ ಹಾಡುತ್ತಿದ್ದಾಗ ಫೋನು ಹಿಡಿದದ್ದಕ್ಕೆ ಟೇಪಣ್ಣ ಹೌಹಾರಿ ಬಂದಿದ್ದ. "ಫೋನಲ್ಲಿ ಬೇಡ! ಡಬ್ಬದೊಳಗಿಂದ ಹಾಡಿದ ಹಾಗೆ ಬರುತ್ತೆ. ಅಕ್ಕನದು ಸರಿಯಾಗೇ ಆಗ್ಬೇಕು." ಹೆಂಡತಿ ಫೋನು ಕೆಳಗಿಟ್ಟಳು. ಆಮೇಲೆ ಯಾರೂ ಆ ಸಾಹಸಕ್ಕೆ ಹೋಗಲಿಲ್ಲ.

ಹೀಗಿರುವಾಗ ಅಕ್ಕನಿಗೆ ನುಂಗುವಾಗ ನೋವು ಶುರುವಾಯಿತು. ಬಿಸಿನೀರು, ಕಷಾಯ, ಮಾತ್ರೆ ಎಲ್ಲ ಆಗಿ, ಕೊನೆಗೆ ದೊಡ್ಡಾಸ್ಪತ್ರೆಗೆ ಹೋದರು. ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ಆದರೆ ಸುತ್ತಿ ಬಳಸಿ ಮಾತಾಡಲಿಲ್ಲ.

"ಗಡ್ಡೆ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ತೆಗೀಬೇಕಾಗುತ್ತೆ ಅಮ್ಮ. ಉಸಿರಾಟಕ್ಕೆ ಕತ್ತಿನಲ್ಲಿ ದಾರಿ ಮಾಡ್ತೀವಿ. ಜೀವಕ್ಕೆ ಮೋಸ ಇಲ್ಲ. ಮಾತು ಹೋಗುತ್ತೆ."

"ಹಾಡು?" ಅಂದಳು ಅಕ್ಕ.

ಡಾಕ್ಟರು ಟೇಪಣ್ಣನ ಕಡೆ ನೋಡಿದರು, ಇವರಿಗೆ ನೀವಾದರೂ ತಿಳಿಸಿ ಹೇಳಿ ಅನ್ನುವ ಹಾಗೆ. ಟೇಪಣ್ಣ ನೆಲ ನೋಡಿದ. ಇಷ್ಟು ವರ್ಷ ತಾನು ಹಾಸಿಗೆ ಹೊಡೆಯುತ್ತ ಕೂತಿದ್ದೆನಲ್ಲ ಎಂದು ಅವನಿಗೆ ತನ್ನ ಮೇಲೇ ಅಸಹ್ಯವಾಯಿತು.

ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಅಕ್ಕ ಅವನ ತೋಳು ಹಿಡಿದುಕೊಂಡು, "ಇನ್ನಾದ್ರೂ ನಿನ್ನ ಕೋಣೆ ರೆಡಿ ಆಗುತ್ತೇನೋ ಪುಟ್ಟ?" ಎಂದು ಕೇಳಿದಳು. ಅವಳೇ ನಕ್ಕಳು. ಅವನಿಗೆ ನಗಲು ಆಗಲಿಲ್ಲ.

ಅಕ್ಕನ ದನಿ ಆಗಲೂ ಚೆನ್ನಾಗೇ ಇತ್ತು, ಬೇಗ ಸೋಲುತ್ತಿತ್ತು ಅಷ್ಟೆ. ಒಂದಿಷ್ಟು ಹೊತ್ತು ಮಾತಾಡಿದರೆ ಗಂಟಲು ಕಟ್ಟುತ್ತಿತ್ತು. ಆದ್ದರಿಂದ ಆಸ್ಪತ್ರೆಗೆ ಸೇರುವ ಮುಂಚಿನ ಭಾನುವಾರ ಮಧ್ಯಾಹ್ನ ಎಂದು ಗೊತ್ತುಮಾಡಿ, ಬೆಳಗಿನಿಂದ ಅವಳಿಗೆ ಮಾತಾಡಬೇಡ ಎಂದು ತಾಕೀತು ಮಾಡಿದರು. ಟೇಪಣ್ಣ ಪಕ್ಕದ ಮನೆಯ ಬಡಗಿಯ ಹತ್ತಿರ ಹೋಗಿ ಕೈಮುಗಿದು ಗರಗಸ ನಿಲ್ಲಿಸಿದ. ಫ್ರಿಜ್ಜಿನ ಪ್ಲಗ್ಗು ಕಿತ್ತ. ನಲ್ಲಿಯ ಬಾಯಿಗೆ ಬಟ್ಟೆ ಸುತ್ತಿದ. ಹೆಂಡತಿ ಅಡುಗೆಮನೆಯಲ್ಲಿ ಲೋಟವೊಂದನ್ನೂ ಮುಟ್ಟದೆ ಉಸಿರು ಬಿಗಿಹಿಡಿದು ಕೂತಳು.

ಅಕ್ಕ ಬಳೆ ಬಿಚ್ಚಿ ಬುಟ್ಟಿಗೆ ಹಾಕಿ ಒಳಗೆ ಬಂದಳು. ಅವಳನ್ನು ಸ್ಟೂಲಿನ ಮೇಲೆ ಬೀರುವಿನ ಕಡೆ ಮುಖ ಮಾಡಿ ಕೂರಿಸಿದ. ಆ ದಿಕ್ಕಿನಲ್ಲೇ ದನಿ ಚೆನ್ನಾಗಿ ಬರುತ್ತಿದ್ದದ್ದು. ಹಾಗೆ ಕೂತರೆ ಹಾಡುವವರ ಬೆನ್ನು ಟೇಪಣ್ಣನ ಕಡೆಗೆ, ಅವನ ಮೇಜು ಕಂಪ್ಯೂಟರು ಯಾವುದೂ ಅವರಿಗೆ ಕಾಣಿಸದು.

"ಮೊದ್ಲು ಸ್ವಲ್ಪ ಹೊತ್ತು ಸುಮ್ನೆ ಕೂತ್ಕೋ ಅಕ್ಕ. ಕೋಣೆ ಸದ್ದು ತಗೋತೀನಿ," ಅಂದ. ಇದೂ ಅವನದೊಂದು ಪದ್ಧತಿ. ಯಾರೂ ಮಾತಾಡದಾಗ ಕೋಣೆಯಲ್ಲಿ ಇರುವ ಸಣ್ಣ ಗುಂಯ್ ಸದ್ದನ್ನು ಹಿಡಿದು ಕಂಪ್ಯೂಟರಿಗೆ ತೋರಿಸಿದರೆ, ಆಮೇಲೆ ಹಾಡಿನೊಳಗಿಂದ ಅದನ್ನು ಅದು ತೆಗೆದುಹಾಕುತ್ತದೆ. ಇದಕ್ಕೆ ಮಾತ್ರ ಅವನು ಧಾರಾಳವಾಗಿ ಗುಂಡಿ ಒತ್ತುತ್ತಿದ್ದ. ಇಂಥ ಖಾಲಿ ಸದ್ದುಗಳನ್ನು ಅಳಿಸದೆ ಕೂಡಿಡುವ ಚಟವೂ ಇತ್ತು. ಗುಂಡಿ ಒತ್ತಿದ. ಅಕ್ಕ ಕೂತಳು, ಕೂತಳು. ಹುಟ್ಟಿನಿಂದ ಸುಮ್ಮನೆ ಕೂತು ಗೊತ್ತಿಲ್ಲದವಳು.

"ಉಸಿರಾದ್ರೂ ಬಿಡ್ಲೋ ಬೇಡ್ವೋ?"

"ಶ್! ಅಕ್ಕಾ, ಮಾತಾಡ್ಬೇಡ ಅಂದ್ನಲ್ಲ!"

ಅವಳ ಭುಜ ನಗುವಿನಿಂದ ಅಲುಗಿತು. ಇನ್ನೊಮ್ಮೆ ಸುಮ್ಮನೆ ಕೂರಿಸಿ ಅದನ್ನು ಮುಗಿಸಿದ. ಆಮೇಲೆ ರೆಕಾರ್ಡು ನಿಲ್ಲಿಸಿ, ಅವಳ ಕಿವಿಗೆ ಹೆಡ್‌ಫೋನು ಹಾಕಿ, "ಈಗ ಹಾಡು," ಅಂದ. ಒಂದೆರಡು ಸಾಲು ಹಾಡಲಿ, ಲೆವೆಲ್ ನೋಡಿಕೊಳ್ಳೋಣ ಎಂದು ಅವನ ಲೆಕ್ಕ. ಬಾಯಿ ಬಿಟ್ಟು ಹೇಳಲಿಲ್ಲ. ಹೇಳಬೇಕೆಂದು ತೋಚಲೂ ಇಲ್ಲ.

ಅಕ್ಕ ಶುರುಮಾಡಿದಳು. ಟೇಪಣ್ಣನ ಕೈ ತಿರುಪಿನ ಮೇಲೆ, ಕಣ್ಣು ಪರದೆಯ ಮೇಲೆ ಏರಿಳಿಯುವ ಹಸಿರು ಗೆರೆಯ ಮೇಲೆ. ಎರಡನೆಯ ಸಾಲಿಗೆ ಲೆವೆಲ್ ಸಿಕ್ಕಿತು. ಅಲ್ಲಿಗೆ ಅವಳನ್ನು ನಿಲ್ಲಿಸಬೇಕಿತ್ತು, ಇಲ್ಲವೇ ಗುಂಡಿ ಒತ್ತಬೇಕಿತ್ತು. ಎರಡೂ ಮಾಡಲಿಲ್ಲ. ಅವನು ಕೇಳುತ್ತ ಕೂತುಬಿಟ್ಟ. ಆ ದನಿಯಲ್ಲಿ ಅಮ್ಮನ ಬಟ್ಟೆಗಂಟು ಇತ್ತು, ಹಳೆಯ ಮನೆಯ ಬಾಗಿಲಿತ್ತು, ಒಂದೇ ಚಾದರದ ಕೆಳಗೆ ಅಕ್ಕನ ಜೊತೆ ಮಲಗಿ ಕೇಳುತ್ತಿದ್ದ ತಾನೂ ಇದ್ದ. ಗಂಟಲಿನ ನೋವು ಎಲ್ಲಿ ಹೋಯಿತೋ, ಅಕ್ಕ ಮೇಲಿನ ಸ್ವರಕ್ಕೆ ಹೋಗಿ ಅಲ್ಲಿ ನಿಂತು ಆರಾಮಾಗಿ ಇಳಿದು ಬಂದಳು. ಟೇಪಣ್ಣನ ಕಣ್ಣಲ್ಲಿ ನೀರು ಬಂತು. ಹಾಡು ಕೊನೆಯವರೆಗೆ ನಡೆಯಿತು. ಅವನ ಬೆರಳು ಗುಂಡಿಯ ಪಕ್ಕದಲ್ಲೇ ಮೇಜಿನ ಮೇಲೆ ತಾಳ ಹಾಕುತ್ತಿತ್ತು.

"ಬಂತೇನೋ?" ಅಂದಳು ಅಕ್ಕ.

"ಬಂತಕ್ಕ, ಎಷ್ಟು ಚೆನ್ನಾಗಿ ಬಂತು!" ಅಂದ ಟೇಪಣ್ಣ, ಲೆವೆಲ್ಲಿನ ಸಂಭ್ರಮದಲ್ಲಿ. "ಇನ್ನೊಂದ್ಸಲ ಹೇಳ್ಬಿಡು."

ಆಗ ಗುಂಡಿ ಒತ್ತಿದ. ಪರದೆಯ ಮೇಲೆ ಕೆಂಪು ಚುಕ್ಕೆ ಹತ್ತಿತು. ಅದನ್ನು ನೋಡುತ್ತಲೇ, ಅದು ಇಲ್ಲಿಯವರೆಗೆ ಹತ್ತಿರಲಿಲ್ಲ ಎಂದು ಅವನಿಗೆ ಹೊಳೆಯಿತು. ಪರವಾಗಿಲ್ಲ, ಈಗ ಹಾಡುತ್ತಾಳಲ್ಲ ಎಂದು ಸಮಾಧಾನ ಹೇಳಿಕೊಂಡ.

ಅಕ್ಕ ಮೊದಲ ಸಾಲು ಹಾಡಿದಳು. ಎರಡನೆಯದಕ್ಕೆ ದನಿ ಒಡೆಯಿತು. ಕೆಮ್ಮಿದಳು, ನೀರು ಕುಡಿದಳು, ಮತ್ತೆ ದನಿ ತೆಗೆದಳು. ಈ ಸಲ ಮೊದಲ ಸಾಲೂ ಪೂರಾ ಬರಲಿಲ್ಲ. ಒಣ ಎಲೆ ತುಳಿದ ಹಾಗೆ ಬಂತು.

"ಥೂ, ಅದನ್ನ ಅಳಿಸೋ. ಯಾರೂ ಕೇಳ್ಬಾರ್ದು," ಅಂದಳು, ಅರ್ಧ ದನಿಯಲ್ಲಿ. "ಪೂರ್ತಿ ಅಳಿಸು. ಕಸದ ಬುಟ್ಟಿಲೂ ಇಡ್ಬೇಡ."

ಕೆಟ್ಟದ್ದನ್ನು ಅಲ್ಲೇ ಅಳಿಸುವುದರಲ್ಲಿ ಟೇಪಣ್ಣನ ಕೈ ಪಳಗಿತ್ತು. ಅಳಿಸಿದ. ಅಳಿಸಿದ ಮೇಲೆ ಏನು ಮಾಡಿದೆ ಎಂದು ಗೊತ್ತಾಯಿತು.

"ಇನ್ನೊಂದೇ ಒಂದ್ಸಲ, ಅಕ್ಕ."

"ಆಗಲ್ಲ ಕಣೋ ಪುಟ್ಟ. ಗಂಟಲೆಲ್ಲ ಉರೀತಿದೆ. ಮೊದಲ್ನೇದೇ ಇರ್ಲಿ ಬಿಡು. ಚೆನ್ನಾಗಿತ್ತು ಅಲ್ವಾ?"

"ಚೆನ್ನಾಗಿತ್ತು," ಅಂದ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಮರುದಿನ ಅವನು ಮೈಕನ್ನೇ ಹೊತ್ತುಕೊಂಡು ಅಕ್ಕನ ಮನೆಗೆ ಓಡಿದ. ಹಾಸಿಗೆ, ಕಂಬಳಿ ಯಾವುದೂ ಬೇಡ, ಫೋನಾದರೂ ಸಾಕು ಎನ್ನುವಷ್ಟು ಇಳಿದುಬಿಟ್ಟಿದ್ದ. ಅಕ್ಕ ಮಲಗಿದ್ದಳು, ಬರೀ ಪಿಸುದನಿ. "ಆಗ್ಲೇ ಹಾಡಿದ್ದೀನಲ್ಲೋ ರಾಜಾ. ಎಷ್ಟು ಸರಿ ಮಾಡಿದ್ರೂ ನಿನಗೆ ಸಾಲ್ದು," ಎಂದು ಅವನ ಕೆನ್ನೆ ತಟ್ಟಿದಳು. ನಿಜ ನಾಲಿಗೆಯ ತುದಿಯವರೆಗೂ ಬಂತು. ಆಪರೇಷನ್ನಿಗೆ ಹೋಗುವವಳಿಗೆ ಇದನ್ನು ಹೇಳುವುದುಂಟೇ ಎಂದು ನುಂಗಿಕೊಂಡ. ಹೇಳಿದ್ದರೆ ಅವಳು ಆ ಉರಿಯಲ್ಲೂ ಎದ್ದು ಕೂತು ಹಾಡುತ್ತಿದ್ದಳೋ ಏನೋ. ಅದು ಅವನಿಗೆ ಆಮೇಲೆ ಹೊಳೆದದ್ದು.

ಆಪರೇಷನ್ ಆಯಿತು. ಡಾಕ್ಟರು ಹೇಳಿದ ಹಾಗೆ ಜೀವಕ್ಕೆ ಮೋಸವಾಗಲಿಲ್ಲ. ಅಕ್ಕ ಕತ್ತಿಗೊಂದು ತೆಳು ಬಟ್ಟೆ ಕಟ್ಟಿಕೊಂಡು ಮನೆಗೆ ಬಂದಳು, ಬಟ್ಟೆಯ ಹಿಂದಿನ ತೂತಿನಿಂದ ಉಸಿರಾಡುತ್ತಿದ್ದಳು. ಗಂಟಲಿಗೆ ಒತ್ತಿಕೊಂಡು ಮಾತಾಡುವ ಒಂದು ಯಂತ್ರ ಕೊಟ್ಟಿದ್ದರು. ಒಂದು ದಿನ ಪ್ರಯತ್ನಿಸಿ, 'ಮಿಕ್ಸಿ ಮಾತಾಡಿದ ಹಾಗಿದೆ' ಎಂದು ಸ್ಲೇಟಿನಲ್ಲಿ ಬರೆದು ಅದನ್ನು ಹೊಲಿಗೆ ಮೆಷಿನ್ನಿನ ಡ್ರಾಯರಿಗೆ ಹಾಕಿದಳು. ಆಮೇಲೆ ಸ್ಲೇಟು, ಬಳಪವೇ ಅವಳ ಬಾಯಿ. ಟೇಪಣ್ಣ ಹೋದಾಗಲೆಲ್ಲ ಅದರಲ್ಲಿ ಬರೆಯುತ್ತಿದ್ದದ್ದು ಒಂದೇ: 'ಹಾಡು ಯಾವಾಗ?'

"ಸದ್ದು ತೆಗೀತಿದ್ದೀನಿ ಅಕ್ಕ. ಇನ್ನೂ ಸ್ವಲ್ಪ ಕೆಲಸ ಇದೆ."

ಅವಳು ತಲೆಯಾಡಿಸುತ್ತಿದ್ದಳು. ತಮ್ಮನ 'ಸರಿಯಾಗಿ' ಅವಳಿಗೆ ಗೊತ್ತಿದ್ದದ್ದೇ. ಅವಳು ಹೀಗೆ ನಂಬಿ ಕಾಯುವುದನ್ನು ನೋಡಿ ಟೇಪಣ್ಣನಿಗೆ ಊಟ ಸೇರಲಿಲ್ಲ. ಹೆಂಡತಿಯ ಮುಂದೆ ಮಾತ್ರ ಬಾಯಿಬಿಟ್ಟ.

"ಅವತ್ತು ನನ್ನ ಫೋನು ಕೆಳಗಿಡಿಸಿದ್ರಲ್ಲ," ಅಂದಳು ಅವಳು. ಅದಕ್ಕಿಂತ ಎರಡೇಟು ಹಾಕಿದ್ದರೆ ವಾಸಿಯಿತ್ತು.

ಆಗ ಅವನಿಗೆ ಹಳೆಯ ಕ್ಯಾಸೆಟ್ಟುಗಳ ನೆನಪಾಯಿತು. ಈಗ ಬಂದಿರುವ ಹೊಸ ಸಾಫ್ಟ್‌ವೇರುಗಳು ಹಾಡಿನೊಳಗಿಂದ ವಾದ್ಯ ಬೇರೆ, ದನಿ ಬೇರೆ ಮಾಡಿಕೊಡುತ್ತವೆ. ಅಟ್ಟ ಹುಡುಕಿ ಕ್ಯಾಸೆಟ್ಟುಗಳನ್ನು ಇಳಿಸಿದ. ನಾಲ್ಕು ದನಿ ಒಟ್ಟಿಗೆ ಇದ್ದಲ್ಲಿ ಯಾವ ಸಾಫ್ಟ್‌ವೇರಿಗೂ ಬಿಡಿಸಲಾಗಲಿಲ್ಲ, ಅವನ ಕಿವಿಗೂ ಆಗಲಿಲ್ಲ. ಆದರೆ ಒಂದು ಹಾಡಿನ ನಡುವೆ ಮುಖ್ಯ ಗಾಯಕಿ ಬಿಟ್ಟ ಜಾಗದಲ್ಲಿ ಕೋರಸ್ಸಿನ ಒಬ್ಬಳೇ ನಾಲ್ಕು ಸಾಲು ಹಾಡಿದ್ದಳು. ಟೇಪಣ್ಣ ಕುರ್ಚಿಯಿಂದ ಎದ್ದುಬಿಟ್ಟ. ಅಕ್ಕನೇ! ಮೇಲಿನ ಸ್ವರಕ್ಕೆ ಹೋಗಿ ಅಲ್ಲಿ ಹಾಗೇ ನಿಲ್ಲುವುದು, ಇಳಿಯುವಾಗಿನ ಆ ಸಣ್ಣ ನಡುಕ, ಅಕ್ಕನಲ್ಲದೆ ಇನ್ನಾರು? ವಾರಗಟ್ಟಲೆ ಕೂತು ಡೋಲಕ್ಕನ್ನು ತೆಗೆದ, ಪಿಟೀಲನ್ನು ತೆಗೆದ, ಟೇಪಿನ ಹಿಸ್ ಸದ್ದನ್ನು ಎಳೆ ಎಳೆಯಾಗಿ ಬಿಡಿಸಿದ. ಕೊನೆಗೆ ಒಂದೇ ಒಂದು ಹೆಣ್ಣುದನಿ ಉಳಿಯಿತು, ತೊಳೆದಿಟ್ಟ ಹಾಗೆ. ಇದನ್ನು ಮೊದಲು ಕೇಳಿಸಿ, ಅವಳ ಮುಖ ಅರಳಿದ ಮೇಲೆ ನಿಜ ಹೇಳಿ ಕಾಲು ಹಿಡಿದುಬಿಡೋಣ ಅಂದುಕೊಂಡ. ಎಷ್ಟೋ ದಿನದ ಮೇಲೆ ಅವತ್ತು ಹೊಟ್ಟೆ ತುಂಬ ಊಟ ಮಾಡಿದ.

ಹಾಡು ಕೇಳಲು ಬಾ ಎಂದು ಕರೆದಾಗ ಅಕ್ಕ ಒಳ್ಳೆಯ ಬಟ್ಟೆ ಉಟ್ಟುಕೊಂಡು ಬಂದಳು. ಯಾರೂ ಹೇಳದಿದ್ದರೂ ಬಳೆ ಬಿಚ್ಚಿ ಬುಟ್ಟಿಗೆ ಹಾಕಿದಳು. ಅಭ್ಯಾಸಬಲದಿಂದ ಅದೇ ಸ್ಟೂಲಿನ ಮೇಲೆ, ಬೀರುವಿನ ಕಡೆ ಮುಖ ಮಾಡಿಯೇ ಕೂತಳು. ಟೇಪಣ್ಣ ಹೆಡ್‌ಫೋನು ಅವಳ ಕಿವಿಗಿಟ್ಟು ಹಾಡು ಹಾಕಿದ. ಅವಳ ಬೆನ್ನು ನೆಟ್ಟಗಾಯಿತು. ತಲೆ ಒಂದು ಪಕ್ಕಕ್ಕೆ ವಾಲಿತು. ನಾಲ್ಕು ಸಾಲು ಮುಗಿದವು. ಸ್ಲೇಟು ತೊಡೆಯ ಮೇಲೆ ಬಂತು. ಸೂಜಿ ಬಿದ್ದರೂ ಅವನು ಕೂಗಾಡುತ್ತಿದ್ದ ಆ ಕೋಣೆಯಲ್ಲಿ ಬಳಪ ಕರಕರ ಸದ್ದು ಮಾಡಿತು.

ಸ್ಲೇಟನ್ನು ಭುಜದ ಮೇಲಿಂದ ಹಿಂದಕ್ಕೆ ತೋರಿಸಿದಳು. 'ಇದು ನಾನಲ್ಲ. ಗುಂಗುರು.'

ಗುಂಗುರು ಅಂದರೆ ಕೋರಸ್ಸಿನಲ್ಲಿ ಅಕ್ಕನ ಪಕ್ಕ ನಿಲ್ಲುತ್ತಿದ್ದ ಗುಂಗುರು ಕೂದಲಿನವಳು. ಟೇಪಣ್ಣನಿಗೆ ಅವಳ ಮುಖವೂ ಸರಿಯಾಗಿ ನೆನಪಿರಲಿಲ್ಲ. ಅವಳ ದನಿಯನ್ನು ಮಡಿಲಲ್ಲಿಟ್ಟುಕೊಂಡು ಇಷ್ಟು ವಾರ ಅಕ್ಕಾ ಅಕ್ಕಾ ಎಂದು ಅತ್ತಿದ್ದ.

ಅಕ್ಕ ಒರೆಸಿ ಮತ್ತೆ ಬರೆದಳು. 'ನಂದು ಹಾಕು.'

"ಇಲ್ಲ ಅಕ್ಕ," ಅಂದ. "ನಿಂದು ಇಲ್ಲ. ಅವತ್ತು ನಾನು ಲೆವೆಲ್ ನೋಡ್ತಿದ್ದೆ. ಗುಂಡಿ ಒತ್ತಿರ್ಲಿಲ್ಲ."

ಸ್ಟುಡಿಯೋ ಕಂಡ ಹೆಂಗಸು. ಲೆವೆಲ್ ಅಂದರೆ ಏನು ಎಂದು ಅವಳಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಸ್ಲೇಟು ಒರೆಸಿ ಸಣ್ಣದಾಗಿ ಬರೆದಳು. 'ಏನೂ ಇಲ್ವಾ?'

ಆ ಮೈಕಿನಲ್ಲಿ ಉಳಿದ ಅಕ್ಕ ಒಂದೇ ಕಡೆ ಇದ್ದಳು, ಅವನು ಕೂಡಿಟ್ಟ ಖಾಲಿ ಸದ್ದುಗಳ ನಡುವೆ. ಅದು ಇರುವುದು ಅವನಿಗೆ ಮೊದಲಿಂದ ಗೊತ್ತಿತ್ತು. ಕೇಳುವ ಧೈರ್ಯ ಆಗಿರಲಿಲ್ಲ. ಈಗ ಹುಡುಕಿ ಹಾಕಿದ. ತಾನೂ ಇನ್ನೊಂದು ಹೆಡ್‌ಫೋನು ಹಾಕಿಕೊಂಡ.

ಮೊದಲು ಕೋಣೆಯ ಸಣ್ಣ ಗುಂಯ್. ಅದರೊಳಗೆ ಮೂಗಿನಿಂದ ಬರುವ, ಹೋಗುವ ಉಸಿರು. ಈಗ ಅವಳ ಮೂಗಿನಲ್ಲಿ ಉಸಿರೂ ಆಡುತ್ತಿರಲಿಲ್ಲ. ಸ್ಟೂಲು ಒಮ್ಮೆ ಕಿರ್ರೆಂದಿತು. ಆಮೇಲೆ ಕಿವಿಯ ಹತ್ತಿರವೇ, ಒಳ್ಳೆಯ ಮೈಕು ಹಿಡಿಯಬೇಕಾದ ಹಾಗೆ ಹಿಡಿದ ದನಿ, ತುಂಟತನ ತುಂಬಿಕೊಂಡು: "ಉಸಿರಾದ್ರೂ ಬಿಡ್ಲೋ ಬೇಡ್ವೋ?" ಅದರ ಬಾಲಕ್ಕೇ ಇನ್ನೊಂದು ದನಿ, ದೂರದಿಂದ, ಸಿಡುಕಿನಿಂದ: "ಶ್! ಅಕ್ಕಾ, ಮಾತಾಡ್ಬೇಡ ಅಂದ್ನಲ್ಲ!"

ಆಮೇಲೆ ಬರೀ ಕೋಣೆ.

ಅಕ್ಕನ ಭುಜ ಅಲುಗತೊಡಗಿತು. ಅವತ್ತಿನ ಹಾಗೇ ಅಲುಗಿತು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಟೇಪಣ್ಣನಿಗೆ ತಿಳಿಯಲಿಲ್ಲ. ಮುಂಚೆಯಾದರೆ ಗೋಡೆಯಾಚೆ ಕೂತು ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದ. ಈಗ ಹೆಡ್‌ಫೋನು ತೆಗೆದು ಕಿವಿ ನಿಮಿರಿಸಿದರೂ ಕೇಳಿಸಿದ್ದು ಕತ್ತಿನ ಬಟ್ಟೆಯ ಹಿಂದಿನ ಗಾಳಿ ಮಾತ್ರ, ಅದು ಎರಡಕ್ಕೂ ಒಂದೇ.

"ಅಕ್ಕಾ, ನಗ್ತಿದ್ದೀಯಾ?" ಎಂದು ಕೇಳಿದ.

ಅವಳು ತಿರುಗಲಿಲ್ಲ. ಅವಳನ್ನು ಬೀರುವಿನ ಕಡೆ ಮುಖ ಮಾಡಿ ಕೂರಿಸುತ್ತಿದ್ದವನು ಅವನೇ. ಎದ್ದು ಹೋಗಿ ಅವಳ ಮುಖ ನೋಡಲು ಎರಡು ಹೆಜ್ಜೆ ಇಟ್ಟರೆ ಸಾಕಿತ್ತು. ಟೇಪಣ್ಣ ಕುರ್ಚಿಯಲ್ಲೇ ಕೂತಿದ್ದ.